ಸೊನ್ನೆ ಸೇರಿದ ಒತ್ತಡ

ನನಗೆ ಮೈಕೈ ನೋವು ಬಂದರೆ ಒಳಗೊಳಗೇ ಹೆಮ್ಮೆಯಾಗುತ್ತದೆ. ಇದನ್ನು ಎಲ್ಲರ ಮುಂದೆ ಹೇಳಿಕೊಳ್ಳುವ ಹಾಗಿಲ್ಲ. ಡಾಕ್ಟರ ಮುಂದೆ ಹೇಳಿದರೆ ಅವರು ಇನ್ನೊಬ್ಬ ಡಾಕ್ಟರ ಹೆಸರು ಬರೆದುಕೊಟ್ಟಾರು. ನಿಮ್ಮ ಮುಂದೆ ಹೇಳುತ್ತಿದ್ದೇನೆ. ನಾನು ಹೇಳುವುದು ಜ್ವರದ ನೋವಲ್ಲ, ವಯಸ್ಸಿನ ನೋವಲ್ಲ, ಬಿದ್ದು ಪೆಟ್ಟಾದ ನೋವೂ ಅಲ್ಲ. ನಿನ್ನೆ ಯಾವುದೋ ಕೆಲಸಕ್ಕೋ ಆಟಕ್ಕೋ ಮನಸಾರೆ ಮೈ ಬಗ್ಗಿಸಿ, ಇವತ್ತು ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಮೈಯ ಒಂದೊಂದು ಜಾಗವೂ ತಾನಿಲ್ಲಿದ್ದೇನೆ ಎಂದು ಹಾಜರಿ ಹೇಳುತ್ತದಲ್ಲ, ಆ ನೋವು.

ಈಗ ನಾವು ಬಂಗಾರಪೇಟೆಯಲ್ಲಿದ್ದೇವೆ. ಇಲ್ಲಿನ ಹೆಂಗಸರಿಗೆ ಈಚೆಗೆ ಬೆಳಗಿನ ವ್ಯಾಯಾಮದ ಹುರುಪು ಬಂದಿದೆ. ಸೀರೆಯ ಮೇಲೆ ಸ್ವೆಟರು, ಕಾಲಿಗೆ ಗಂಡನ ಹಳೆಯ ಕ್ಯಾನ್‌ವಾಸ್ ಶೂ ಹಾಕಿಕೊಂಡು ಶಾಲೆಯ ಮೈದಾನವನ್ನು ಸುತ್ತುತ್ತೇವೆ. ಮೊನ್ನೆ ಎದುರು ಮನೆಯ ಹೊಸ ಸೊಸೆ ನಮ್ಮ ಜೊತೆ ಬಂದವಳು, ನಮ್ಮ ನಡಿಗೆ ಅವಳಿಗೆ ಸಾಲದೆ, ಬಸ್ಕಿ ಹೊಡೆದಳು. ಮಾರನೆಯ ದಿನ ಅವಳಿಗೆ ಮೆಟ್ಟಿಲಿಳಿಯಲು ಆಗದು, ಕೂರಲು ಆಗದು, ಕೂತರೆ ಏಳಲು ಆಗದು. ಗೋಡೆ ಹಿಡಿದುಕೊಂಡು ನಮ್ಮ ಮನೆಗೆ ಬಂದು, "ಆಂಟಿ, ಚೆನ್ನಾಗಿ ಒತ್ತಿಸ್ಕೊಂಡ್ರೆ ಓಗ್ತದಾ?" ಎಂದು ಕೇಳಿದಳು.

"ಒತ್ತಿಸ್ಕೋಬೇಡ ಕಣಮ್ಮಾ. ಒತ್ತಡಂ ಕೊಡು" ಎಂದೆ.

ಅವಳು ನನ್ನ ಮುಖ ನೋಡಿದಳು. ಒತ್ತಬೇಡ, ಒತ್ತಡಂ ಕೊಡು ಎಂದರೆ ಯಾರಿಗೆ ಅರ್ಥವಾಗಬೇಕು? ಅವಳಿಗೆ ತವುಡು ಹುರಿದು ಕೊಟ್ಟು ಕಳಿಸಿದೆ. ಆದರೆ ಆ ಮಾತಿನ ಬಾಲದಲ್ಲಿರುವ ಸೊನ್ನೆಯ ಕಥೆಯನ್ನು ಅವಳಿಗೆ ಹೇಳಲಾಗಲಿಲ್ಲ. ನಿಂತು ಕೇಳುವ ಸ್ಥಿತಿಯಲ್ಲಿ ಅವಳಿರಲಿಲ್ಲ, ಕೂರುವ ಸ್ಥಿತಿಯಲ್ಲಂತೂ ಮೊದಲೇ ಇರಲಿಲ್ಲ.

ಕಥೆಗೆ ಹೋಗುವ ಮೊದಲು ಒಂದು ಸಂದೇಹವನ್ನು ನಿಮ್ಮ ಮುಂದೆ ಇಡುತ್ತೇನೆ. ನಾವು ಮೈಕೈ ನೋವು ಎನ್ನುತ್ತೇವೆ. ಕೈ ಮೈಯಲ್ಲೇ ಇದೆಯಲ್ಲ, ಅದನ್ನೇಕೆ ಬೇರೆಯಾಗಿ ಹೇಳಬೇಕು? ಕಾಲು ಮಾಡಿದ ಪಾಪವೇನು? ದಿನವಿಡೀ ನಡೆದು ಕಾಲು ಸೋತು ಬಂದವರೂ "ಮೈಕೈ ನೋವು" ಎಂದೇ ಮಲಗುತ್ತಾರೆ. ನನ್ನ ಯಜಮಾನರು ಕನ್ನಡದ ಮೇಷ್ಟ್ರು. ಅವರನ್ನು ಕೇಳಿದರೆ ಅದು ಜೋಡು ನುಡಿ ಎಂದು ಒಂದು ಪಾಠ ಮಾಡುತ್ತಾರೆ. ನನಗನ್ನಿಸುವುದೇ ಬೇರೆ. ನಮ್ಮ ಹಿಂದಿನವರಿಗೆ ಕೈ ಎನ್ನುವುದು ಮೈಯ ಭಾಗವಾಗಿರಲಿಲ್ಲ, ಮೈಯ ಮನೆಗೆ ದುಡಿದು ಹಾಕುವ ಹಿರಿಮಗನಾಗಿತ್ತು. ಮನೆಮಂದಿಯ ಕ್ಷೇಮ ಕೇಳುವಾಗ ದುಡಿಯುವವನ ಹೆಸರನ್ನು ಬೇರೆಯಾಗಿ ಎತ್ತಿ ಕೇಳುವುದಿಲ್ಲವೇ, ಹಾಗೆ.

ಈ ನೋವಿನ ಇನ್ನೊಂದು ಗುಣವನ್ನೂ ಗಮನಿಸಿದ್ದೇನೆ. ಅದು ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಕೆಲಸ ಮಾಡಿದ ದಿನ ಬರೀ ಸುಸ್ತು. ನೋವು ಬಂಗಾರಪೇಟೆ ಜಂಕ್ಷನ್ನಿನಲ್ಲಿ ಗಾಡಿ ಬದಲಾಯಿಸಿ ಬರುವ ನೆಂಟರಂತೆ ಮಾರನೆಯ ದಿನ ಮುಖ ತೋರಿಸುತ್ತದೆ, ಅದರ ಮಾರನೆಯ ದಿನ ಮನೆ ತುಂಬ ಕಾಲು ಚಾಚುತ್ತದೆ. ಆಮೇಲೆ ಯಾವಾಗ ಹೊರಟುಹೋಯಿತೆಂದು ತಿಳಿಯುವುದಿಲ್ಲ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಯಜಮಾನರಿಗೆ ಚಿನ್ನದ ಗಣಿಯ ಊರಾದ ಉರಿಗಾಂನ ಒಂದು ಶಾಲೆಯಲ್ಲಿ ಕೆಲಸವಾಯಿತು. ಸ್ವಲ್ಪ ಕಾಲ ನಮ್ಮ ಹಳ್ಳಿಯಿಂದಲೇ ಬಂಗಾರಪೇಟೆಗೆ ಬಂದು ರೈಲು ಹತ್ತಿ ಓಡಾಡಿದರು. ಆಮೇಲೆ ಗಣಿ ಕೆಲಸಗಾರರ ಸಾಲುಮನೆಗಳ ತುದಿಯಲ್ಲಿ ಒಂದು ಮನೆ ಸಿಕ್ಕಿತು. ಅಲ್ಲಿಗೆ ಬರುವವರೆಗೆ ನಾನು ಹಸು, ಹೊಲ, ಬಾವಿ ಇವಿಷ್ಟರಲ್ಲೇ ಬೆಳೆದವಳು. ಬಂಗಾರದ ಊರಿಗೆ ಹೋಗುತ್ತೇನೆಂದು ಹೋದವಳಿಗೆ ಅಲ್ಲಿ ಕಂಡದ್ದು ಬೂದು ಬಣ್ಣದ ಮಣ್ಣುಗುಡ್ಡಗಳು, ಅವುಗಳ ಆಚೆ ಗಣಿಬಾಯಿಯ ಮೇಲೆ ನಿಂತ ಕಬ್ಬಿಣದ ಗೋಪುರ, ಅದರ ತುದಿಯಲ್ಲಿ ಕೆಲಸಗಾರರನ್ನು ಇಳಿಸಿ ಎತ್ತಲು ತಿರುಗುವ ಚಕ್ರ. ಬಂಗಾರ ಎಂಬುದನ್ನು ನಾನು ನೋಡಿದ್ದು ಸಾಲಿನ ಹೆಂಗಸರ ಮೂಗುಬೊಟ್ಟಿನಲ್ಲಿ ಮಾತ್ರ, ನಮ್ಮ ಹಳ್ಳಿಯಲ್ಲಿ ಇದ್ದಷ್ಟೇ.

ಆ ಮನೆಗಳಲ್ಲಿ ಒಂದು ವಿಶೇಷವಿತ್ತು. ಎಂದಾದರೊಮ್ಮೆ ನೆಲದ ಕೆಳಗೆ, ಬಹಳ ಆಳದಲ್ಲಿ, ಒತ್ತಿ ಹಿಡಿದ ಬಂಡೆ ಸಿಡಿಯುತ್ತಿತ್ತು. ಮೇಲೆ ನಮಗೆ ಕೇಳಿಸುತ್ತಿದ್ದದ್ದು ಒಂದು ಗುದ್ದು. ಯಾರೋ ನೆಲವನ್ನು ಒಳಗಿನಿಂದ ಮುಷ್ಟಿಯಲ್ಲಿ ಗುದ್ದಿದ ಹಾಗೆ. ಗೂಡಿನ ಮೇಲಿನ ಲೋಟಗಳು ಗಲಗಲ ಎನ್ನುತ್ತಿದ್ದವು. ಮೊದಲ ಸಲ ಹಾಗಾದಾಗ ನಾನು ಒಲೆಯ ಮೇಲೆ ಹಾಲು ಬಿಟ್ಟು ಬೀದಿಗೆ ಓಡಿದೆ. ಪಕ್ಕದ ಮನೆಯ ಅಂತೋಣಿಯಮ್ಮ ಹೊಸಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ಅವರು ಓಡಲಿಲ್ಲ. ಮೊರವನ್ನು ತೊಡೆಯ ಮೇಲೆ ಹಾಗೇ ಹಿಡಿದು, ಗೋಪುರದ ಕಡೆ ಕಿವಿಕೊಟ್ಟು ಕೂತರು. ಅವರ ಗಂಡ ಗಣಿಯೊಳಗೆ ನೀರೆತ್ತುವ ಪಂಪು ನೋಡಿಕೊಳ್ಳುವವರು. ಸೈರನ್ ಕೂಗಿದರೆ ಕೆಳಗೆ ಏನೋ ಆಗಿದೆ ಎಂದರ್ಥ. ಕೂಗಲಿಲ್ಲ. ಅವರು ಮತ್ತೆ ಕಲ್ಲು ಆರಿಸತೊಡಗಿದರು. ನನ್ನನ್ನು ನೋಡಿ, "ಹಾಲು ಪೊಂಗುದು, ಪೋಮ್ಮಾ" ಎಂದರು. ಹಾಲು ಉಕ್ಕುತ್ತಿದೆ, ಹೋಗಮ್ಮ ಎಂದು. ಅದು ಅವರು ನನ್ನ ಜೊತೆ ಆಡಿದ ಮೊದಲ ಮಾತು.

ಆ ಸಾಲಿನಲ್ಲಿ ನನಗೆ ಹೆಸರಿರಲಿಲ್ಲ. ನನ್ನ ಹೆಸರು ನಾಗರತ್ನ. ಹಳ್ಳಿಯಲ್ಲಿ ಅದನ್ನು ರತ್ನಿ, ನಾಗಿ ಎಂದು ಬೇಕಾದ ಹಾಗೆ ಒಡೆದು ಬಳಸುತ್ತಿದ್ದರು. ಇಲ್ಲಿ ನಾನು "ವಾದ್ಯಾರ್ ಪೊಂಡಾಟಿ", ಮೇಷ್ಟ್ರ ಹೆಂಡತಿ. ಮರ್ಯಾದೆಯ ಮಾತೇ. ಆದರೆ ನಲ್ಲಿಯ ಸಾಲಿನಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಬಯ್ದುಕೊಳ್ಳುವಾಗ ನನ್ನನ್ನು ಯಾರೂ ಬಯ್ಯುತ್ತಿರಲಿಲ್ಲ. "ವಾದ್ಯಾರ್ ಪೊಂಡಾಟಿ ವಂದಾಚ್ಚು", ಮೇಷ್ಟ್ರ ಹೆಂಡತಿ ಬಂದಾಯ್ತು ಎಂದು ಸ್ವಲ್ಪ ಸರಿದು ನಿಂತು ಜಾಗ ಕೊಡುತ್ತಿದ್ದರು. ನೆಂಟರಿಗೆ ಕೊಡುವ ಹಾಗೆ. ಜಗಳಕ್ಕೆ ಕರೆಯದವರ ಊರಿನಲ್ಲಿ ಬದುಕುವುದು ಎಷ್ಟು ಕಷ್ಟವೆಂದು ಹೊಸ ಊರಿಗೆ ಹೋದ ಹೆಂಗಸರಿಗೆ ಗೊತ್ತು.

ಆ ವರ್ಷ ಜನವರಿಯಲ್ಲಿ ಊರಿನ ವಾರ್ಷಿಕ ಆಟೋಟಗಳು ನಡೆದವು. ಶನಿವಾರ, ಭಾನುವಾರ ಎರಡು ದಿನ. ಅದರಲ್ಲಿ ಹೆಂಗಸರ ಹಗ್ಗಜಗ್ಗಾಟವೂ ಒಂದು. ನಮ್ಮ ಸಾಲು ಪ್ರತಿ ವರ್ಷ ಫೈನಲ್ಲಿಗೆ ಬಂದು ಆಂಡರ್ಸನ್‌ಪೇಟೆಯ ಅಂಗಡಿ ಹೆಂಗಸರ ಮುಂದೆ ಸೋಲುತ್ತಿತ್ತಂತೆ. ಈ ಸಲ ಹಗ್ಗದ ಕೊನೆಯಲ್ಲಿ ನಿಲ್ಲುವಾಕೆ ಮಗಳ ಬಾಣಂತನಕ್ಕೆ ಹೋಗಿಬಿಟ್ಟಿದ್ದರು. ತಂಡದ ಯಜಮಾನಿ ಅಂತೋಣಿಯಮ್ಮ. ನಾನು ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಬರುವುದನ್ನು ಅವರು ಹೊಸಲ ಮೇಲಿಂದ ದಿನವೂ ನೋಡುತ್ತಿದ್ದರೆಂದು ಕಾಣುತ್ತದೆ. ಒಂದು ಸಂಜೆ ಬಂದು ನನ್ನ ತೋಳನ್ನು ಬದನೆಕಾಯಿ ಆರಿಸುವಂತೆ ಅಮುಕಿ ನೋಡಿ, "ಪರವಾಯಿಲ್ಲೆ" ಎಂದು ಹೋದರು. ಅಷ್ಟೇ ಆಯ್ಕೆ ಸಮಿತಿ.

ಕೊನೆಯ ಜಾಗದ ಕೆಲಸ ಹೀಗೆ: ಹಗ್ಗ ಬೆನ್ನ ಮೇಲಿಂದ ಸುತ್ತಿ ಕಂಕುಳಿನಿಂದ ಮುಂದೆ ಬರುತ್ತದೆ. ಮುಂದಿನವರೆಲ್ಲ ಎಳೆಯುತ್ತಾರೆ. ಕೊನೆಯವಳು ಗೂಟ. ಶನಿವಾರ ನನಗೆ ಇದು ತಿಳಿದಿರಲಿಲ್ಲ. ಹಗ್ಗ ಎಂದರೆ ನನಗೆ ಬಾವಿ ಹಗ್ಗ. ಬಾವಿಯಲ್ಲಿ ಸೇದುವಂತೆ ಕೈ ಮಡಚಿ, ಭುಜ ಎತ್ತಿ, ಗಸಗಸ ಸೇದಿದೆ. ಪಕ್ಕದ ಬ್ಲಾಕಿನವರು ಸೋತರು. ನನ್ನಿಂದ ಸೋತರೋ, ಅವರ ಪಾಡಿಗೆ ಅವರು ಸೋತರೋ ಹೇಳಲಾರೆ. ಸಂಜೆ ಲೋಟ ಹಿಡಿದ ಕೈ ನಡುಗಿ ಕಾಫಿ ಚೆಲ್ಲಿತು. ಅದೂ ಹೆಮ್ಮೆಯೇ ಅನ್ನಿಸಿತು.

ಭಾನುವಾರ ಬೆಳಿಗ್ಗೆ ಎದ್ದು ತುರುಬು ಕಟ್ಟಲು ಕೈ ಎತ್ತಿದೆ. ಕೈ ಬರಲಿಲ್ಲ. ಮೊಣಕೈ ಮಡಚಲು ಹೋದರೆ ತೋಳಿನೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ. ತುರುಬಿಲ್ಲದೆ, ಎರಡು ಕೈಯನ್ನೂ ಮುಂದೆ ಚಾಚಿಕೊಂಡು, ನಿದ್ದೆಯಲ್ಲಿ ನಡೆಯುವವಳಂತೆ ಬಾಗಿಲಿಗೆ ಬಂದೆ. ಮಧ್ಯಾಹ್ನ ಫೈನಲ್. ಒಬ್ಬಳು ಕಡಿಮೆಯಾದರೂ ತಂಡವನ್ನು ಇಳಿಸುವಂತಿಲ್ಲ, ಎಳೆಯದೆಯೇ ಸೋಲು. ನನಗೆ ಅಳು ಬಂತು. ನೋವಿಗಲ್ಲ. ಈ ಜನ ಮೊದಲ ಸಲ ನನ್ನನ್ನು ಕರೆದಿದ್ದರು. ಆಡದೆ ಕೂತರೆ ನಾಳೆಯಿಂದ ಮತ್ತೆ ನಲ್ಲಿಯ ಹತ್ತಿರ ಸರಿದು ನಿಂತು ಮರ್ಯಾದೆ ಕೊಡುತ್ತಾರೆ, ಅಷ್ಟೇ.

ಅಂತೋಣಿಯಮ್ಮ ನನ್ನ ಅವತಾರ ನೋಡಿ ಒಂದು ಸಲ ತಲೆಯಾಡಿಸಿದರು. ಹಿಂದೆ ನಿಂತಿದ್ದ ನಮ್ಮ ಯಜಮಾನರಿಗೆ ಹೇಳಿದರು: "ಸಾರ್, ಒತ್ತಡಂ ಕುಡುಂಗ ಸಾರ್. ನಲ್ಲಾ ಒತ್ತಡಂ ಕುಡುಂಗ. ಮದ್ಯಾನಕ್ಕೆ ರೆಡಿ." ಹೇಳಿ ಚರ್ಚಿಗೆ ಹೊರಟರು.

ಬೇರೆ ಯಾರೇ ಆಗಿದ್ದರೂ ಹಾಗೆಂದರೇನು ಎಂದು ಕೇಳುತ್ತಿದ್ದರು. ನಮ್ಮವರು ಕನ್ನಡ ಪಂಡಿತರು. ಅವರ ಮುಖ ಬೆಳಗಿತು.

"ಕೇಳ್ದೇನೇ? ಒತ್ತಡಂ ಅಂತೆ! ಅಚ್ಚ ಹಳಗನ್ನಡ ಕಣೇ. ಮರಂ, ನೆಲಂ, ಒತ್ತಡಂ. ನಾವು ಬಿಟ್ಟು ಬಂದ ಸೊನ್ನೇನ ಈ ಜನ ಎಷ್ಟು ಜೋಪಾನವಾಗಿ ಇಟ್ಕೊಂಡವ್ರೆ ನೋಡು."

"ಸೊನ್ನೆ ಆಮೇಲೆ ನೋಡನ. ಏನ್ ಮಾಡ್ಬೇಕಂತೆ?"

"ಒತ್ತಡ ಕೊಡ್ಬೇಕಂತೆ. ಚೆನ್ನಾಗಿ ಕೊಡ್ಬೇಕಂತೆ. ಮಲಕ್ಕೋ."

ಅವರು ಪಂಚೆ ಎತ್ತಿ ಕಟ್ಟಿ, ನನ್ನ ತೋಳಿನ ಮೇಲೆ ಎರಡು ಅಂಗೈಯನ್ನೂ ಊರಿ, ಇಡೀ ಕನ್ನಡ ವ್ಯಾಕರಣದ ಭಾರವನ್ನು ಬಿಟ್ಟರು. ನಾನು ಕೂಗಿದ ಕೂಗಿಗೆ ಬೀದಿಯ ಕೋಳಿಗಳು ಚೆದುರಿದವೆಂದು ಆಮೇಲೆ ಕೇಳಿದೆ.

"ಬಿಡ್ರೀ! ಪ್ರಾಣ ಓಗ್ತದೆ, ಬಿಡ್ರೀ!"

"ನಲ್ಲಾ ಅಂದ್ರಲ್ಲೇ ಅವ್ರು. ಇನ್ನೊಂಚೂರು ತಡ್ಕೋ."

ಚರ್ಚಿನ ದಾರಿಯಲ್ಲಿದ್ದ ಅಂತೋಣಿಯಮ್ಮ ಅರ್ಧದಿಂದಲೇ ಓಡಿಬಂದರು. ತಲೆಯ ಮೇಲಿನ ಸೆರಗು ಜಾರಿತ್ತು. ಒಳಗೆ ನಡೆಯುತ್ತಿದ್ದ ಚಿಕಿತ್ಸೆ ನೋಡಿ ನಿಂತುಬಿಟ್ಟರು.

"ಎನ್ನ ಸಾರ್ ಇದು! ಅದು ಕೈಯಾ, ಚಪಾತಿ ಹಿಟ್ಟಾ? ಒತ್ತಡಂ ಅಂದ್ರೆ ಸೂಡು ಸಾರ್, ಸೂಡು! ಬಿಸಿ! ಅಮುಕ್ಕಿ ಕೊಲ್ಲೋದಲ್ಲ!"

ಆಗ ತಿಳಿಯಿತು. ಅವರ ತಮಿಳಿನಲ್ಲಿ ಒತ್ತಡಂ ಎಂದರೆ ಬಿಸಿ ಬಟ್ಟೆಯನ್ನು ನೋವಿನ ಮೇಲೆ ಒತ್ತಿ ಒತ್ತಿ ತೆಗೆಯುವ ಶಾಖ. ಒಂದು ಸೊನ್ನೆಯ ಈಚೆಗೆ ಭಾರ, ಆಚೆಗೆ ಬಿಸಿ. ನಮ್ಮ ಯಜಮಾನರು ಪಂಚೆ ಇಳಿಸಿಕೊಂಡು, "ಹಾಗಾದ್ರೆ ಧಾತು ಒಂದೇ" ಎಂದರು.

ಅಂತೋಣಿಯಮ್ಮ ಚರ್ಚನ್ನು ಬಿಟ್ಟು ನಮ್ಮ ಒಲೆಯ ಮುಂದೆ ಕೂತರು. ತವುಡು, ಒಂದು ಹಿಡಿ ಕಲ್ಲುಪ್ಪು. ಎರಡನ್ನೂ ಬಾಣಲೆಯಲ್ಲಿ ಹುರಿದು, ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿದರು. ಗಂಟನ್ನು ಮೊದಲು ತಮ್ಮ ಕೆನ್ನೆಗೆ ಇಟ್ಟು ನೋಡಿದರು. ಬಿಸಿ ಹೆಚ್ಚೆನಿಸಿತೇನೋ, ಸ್ವಲ್ಪ ಊದಿದರು, ಮತ್ತೆ ಕೆನ್ನೆಗೆ ಇಟ್ಟರು. ನನಗೆ ಕೊನೆಗೂ ಅರ್ಥವಾದ ಸಂತೋಷದಲ್ಲಿ, "ಓ, ಕಾವು ಕೊಡೋದಾ! ಅಂಗಂತ ಏಳ್ಬಾರ್ದಾ ಅಕ್ಕಾ? ನಮ್ಮೂರಾಗೂ ಕಾವು ಕೊಡ್ತೀವಿ" ಎಂದೆ.

ಅವರ ಕೈ ಅಲ್ಲೇ ನಿಂತಿತು. ಗಂಟು ಇನ್ನೂ ಕೆನ್ನೆಯ ಮೇಲಿತ್ತು. ಅವರ ಮುಖದಿಂದ ಬಣ್ಣ ಇಳಿದುಹೋದದ್ದನ್ನು ನಾನು ನೋಡಿದೆ. ಬಹಳ ಮೆಲ್ಲಗೆ, "ಅಂದ ಮಾತು ಇಲ್ಲಿ ಆಡ್ಬೇಡಮ್ಮಾ. ಅವರು ಕೆಳಗೆ ಇದ್ದಾರೆ" ಎಂದರು.

ಪಂಪಿಗೆ ಭಾನುವಾರವಿಲ್ಲ. ಅವರ ಗಂಡ ಆ ಹೊತ್ತಿನಲ್ಲಿ ಗಣಿಯೊಳಗಿದ್ದರು. ನಮ್ಮಲ್ಲಿ ಕಾವು ಎಂದರೆ ಬಿಸಿ. ಕೋಳಿ ಮೊಟ್ಟೆಗೆ ಕೊಡುವುದು, ಬಾಣಂತಿಯ ಬೆನ್ನಿಗೆ ಕೊಡುವುದು. ಅವರ ಮಾತಿನಲ್ಲಿ ಕಾವು ಕೊಡುವುದೆಂದರೆ ಬಲಿ ಕೊಡುವುದು, ಜೀವ ಒಪ್ಪಿಸುವುದು. ಗಂಡಸರು ನೆಲದೊಳಗೆ ಇಳಿಯುವ ಊರಿನಲ್ಲಿ ಹೊಸಲ ಒಳಗೆ ಕೂತು ಯಾರೂ ಆಡದ ಮಾತನ್ನು ನಾನು ನಗುನಗುತ್ತಾ ಆಡಿದ್ದೆ. ಇದನ್ನು ಅವರೇ, ತುಂಡು ತುಂಡು ಕನ್ನಡದಲ್ಲಿ, ನನ್ನ ಕಡೆ ನೋಡದೆ ಹೇಳಿದರು. ಹೇಳಿ ಮುಗಿಸಿ ಗಂಟನ್ನು ನನ್ನ ತೋಳಿನ ಮೇಲೆ ಇಟ್ಟರು. ಇಟ್ಟು ತೆಗೆದರು, ಇಟ್ಟು ತೆಗೆದರು. ಒತ್ತಲಿಲ್ಲ. ಹಕ್ಕಿ ಕೂತು ಏಳುವಷ್ಟೇ ಭಾರ. ಅಷ್ಟು ಹಗುರವಾದ ಕೈಯಿಂದ ಅಷ್ಟು ಬಿಸಿ ಹೇಗೆ ಒಳಗಿಳಿಯುತ್ತದೆಂದು ನನಗೆ ಇವತ್ತಿಗೂ ಆಶ್ಚರ್ಯ. ನಾನು ತಲೆ ಎತ್ತಲಿಲ್ಲ. ಅದು ನೋವಿಗಲ್ಲವೆಂದು ಅವರಿಗೂ ಗೊತ್ತಿತ್ತೆಂದು ಕಾಣುತ್ತದೆ. "ತೆರಿಯಾಮ ಸೊನ್ನೆ, ಬಿಡು" ಎಂದರು. ನೀನು ಗೊತ್ತಿಲ್ಲದೆ ಅಂದೆ, ಬಿಡು ಎಂದು.

ಶಾಖದಿಂದ ತೋಳು ಸ್ವಲ್ಪ ಸಡಿಲವಾಯಿತು, ಪೂರ್ತಿಯಾಗಲಿಲ್ಲ. ಆಗ ನನಗೆ ನಮ್ಮ ಅಪ್ಪ ನೆನಪಾದರು. ದಿನವೆಲ್ಲ ಉತ್ತು ಬಂದ ಎತ್ತನ್ನು ಅವರು ನೇರವಾಗಿ ಗೂಟಕ್ಕೆ ಕಟ್ಟುತ್ತಿರಲಿಲ್ಲ. ನೊಗ ಇಳಿಸಿ, ಹೆಗಲಿಗೆ ಬೆಚ್ಚಗಿನ ಹರಳೆಣ್ಣೆ ಸವರಿ, ನೀರು ಕುಡಿಸಿ, ಕಣದ ಸುತ್ತ ಮೆಲ್ಲಗೆ ನಡೆಸುತ್ತಿದ್ದರು. "ಕಟ್ಟಾಕ್ಬೇಡ ಕಣ್ಲಾ, ಅಡ್ಡಾಡ್ಸು. ನಿಂತ್ರೆ ಮರ ಆಗೋಯ್ತದೆ" ಎಂದು ಆಳಿಗೆ ಹೇಳುತ್ತಿದ್ದ ಮಾತು ಕಿವಿಯಲ್ಲಿತ್ತು. ಎತ್ತಿಗೆ ಆದದ್ದು ನನಗೇಕೆ ಆಗಬಾರದು? ಒಂದು ಚೊಂಬು ಮಜ್ಜಿಗೆ ಕುಡಿದು, ಹರಳೆಣ್ಣೆ ಹಚ್ಚಿಕೊಂಡು, ಕೈ ಬೀಸುತ್ತಾ ಸಾಲಿನ ಈ ತುದಿಯಿಂದ ಆ ತುದಿಗೆ ನಡೆಯತೊಡಗಿದೆ. ನನ್ನ ಹಿಂದೆ ಯಜಮಾನರು ಇನ್ನೊಂದು ಚೊಂಬು ಹಿಡಿದು ಬರುತ್ತಿದ್ದರು. ಹೊಸಲುಗಳ ಮೇಲೆ ಕೂತ ಹೆಂಗಸರು ನಗಾಡಿದರು.

"ಎನ್ನ ವಾದ್ಯಾರೇ, ಮಾಡು ಸಂದೈಗಾ?" ಎಂದು ಒಬ್ಬರು ಕೇಳಿದರು. ಏನು ಮೇಷ್ಟ್ರೇ, ದನವನ್ನು ಸಂತೆಗಾ ಎಂದು. ನಮ್ಮವರಿಗೆ 'ಮಾಡು' ಕ್ರಿಯಾಪದದಂತೆ ಕೇಳಿಸಿತು. ಏನು ಮಾಡಬೇಕೆಂದು ಅವರು ಯೋಚಿಸುತ್ತಿದ್ದಾಗ ನಾನು ನಕ್ಕುಬಿಟ್ಟೆ. ನಗುವಾಗ ಹೊಟ್ಟೆಯೂ ನೋಯುತ್ತಿದೆ ಎಂದು ಆಗ ಗೊತ್ತಾಯಿತು.

ಮಧ್ಯಾಹ್ನ ಮೈದಾನಕ್ಕೆ ಇಳಿದೆವು. ಎದುರು ಆಂಡರ್ಸನ್‌ಪೇಟೆಯವರು. ಅವರ ಹಗ್ಗದ ಕೊನೆಯಲ್ಲಿ ಬೆಲ್ಲದ ಅಂಗಡಿ ಸುಬ್ಬಮ್ಮ. ಬೆಲ್ಲದ ಮೂಟೆಗಳನ್ನು ತಾವೇ ಎತ್ತಿ ಜೋಡಿಸುವ ಹೆಂಗಸು. ಅವರು ನಿಂತ ರೀತಿ ನೋಡಿದರೆ ಹಿಂದಿನ ವರ್ಷಗಳ ಸೋಲು ನನಗೆ ಅರ್ಥವಾಯಿತು. ನಮ್ಮ ಕಡೆಯಲ್ಲಿ ಎಲ್ಲರೂ ಸೆರಗು ಬಿಗಿದು ಹಗ್ಗ ಹಿಡಿದರು. ನನಗೆ ಮೊಣಕೈ ಮಡಚಲು ಆಗದು. ಕೈ ನೀಳವಾಗಿ ಚಾಚಿಯೇ ಹಿಡಿದೆ. ಅಂತೋಣಿಯಮ್ಮ ತಿರುಗಿ ನೋಡಿ ಏನೋ ಹೇಳಲು ಹೋದರು. ಅಷ್ಟರಲ್ಲಿ ಸೀಟಿ ಕೂಗಿತು.

ಹಗ್ಗ ಬಿಗಿಯಾದದ್ದು ಗೊತ್ತು. ಅದಾದ ಸ್ವಲ್ಪ ಹೊತ್ತಿಗೆ ನೆಲ ಗುದ್ದಿತು.

ಮೊದಲ ಸಲ ಮಾಡಿದ ಹಾಗೆ ನಾನು ಓಡಬೇಕೆಂದುಕೊಂಡೆ. ಧೈರ್ಯದಿಂದ ನಿಂತೆ ಎಂದು ಆಮೇಲೆ ಊರೆಲ್ಲ ಹೇಳಿತು. ನಿಜವಾಗಿ ಹಗ್ಗ ನನ್ನ ಮೈಗೆ ಸುತ್ತಿತ್ತು, ಓಡಲಾಗಲಿಲ್ಲ. ಸೀಟಿ ಹಿಡಿದ ಅಂಪೈರು ಕೈ ಎತ್ತಿದರು. ಎರಡು ಕಡೆಯವರೂ ಯಾರಿಗೂ ಹೇಳಿಸಿಕೊಳ್ಳದೆ ಹಗ್ಗವನ್ನು ಮೆಲ್ಲಗೆ ನೆಲಕ್ಕಿಟ್ಟರು, ಮಲಗಿದ ಮಗುವನ್ನು ಇಡುವ ಹಾಗೆ. ಎಲ್ಲರೂ ಗೋಪುರದ ಕಡೆ ತಿರುಗಿದರು. ಚಕ್ರ ನಿಂತಿತ್ತು. ಅದು ಮೊದಲೇ ನಿಂತಿತ್ತೋ, ಈಗ ನಿಂತಿತೋ ಯಾರಿಗೂ ತಿಳಿಯದು. ಮೈದಾನದ ತುಂಬ ಜನ. ಎಲ್ಲರ ಕಿವಿಯೂ ಸೈರನ್ನಿನ ಕಡೆಗೆ. ಅಂತೋಣಿಯಮ್ಮ ಮಾತ್ರ ಗೋಪುರ ನೋಡಲಿಲ್ಲ. ತಮ್ಮ ಪಾದಗಳ ನಡುವಿನ ನೆಲವನ್ನು ನೋಡುತ್ತಾ ನಿಂತಿದ್ದರು. ಬೆಳಿಗ್ಗೆ ನಾನಾಡಿದ ಮಾತು ನನಗೆ ನೆನಪಾಯಿತು. ಹೋಗಿ ಅವರ ಪಕ್ಕದಲ್ಲಿ ನಿಂತೆ. ಮುಟ್ಟುವ ಧೈರ್ಯ ಬರಲಿಲ್ಲ. ಅವರೇ ನನ್ನ ಕೈ ಹಿಡಿದರು.

ಆಗ ಸುಬ್ಬಮ್ಮ ಗೆರೆ ದಾಟಿ ನಮ್ಮ ಕಡೆ ಬಂದರು. ನನ್ನ ಇನ್ನೊಂದು ತೋಳು ಮಡಚಲಾಗದೆ ಸೆಟೆದಿದ್ದುದನ್ನು ಕಂಡು, ಅದನ್ನು ತಮ್ಮ ಎರಡು ಅಂಗೈಗಳ ನಡುವೆ ತೆಗೆದುಕೊಂಡು, "ಕಾಪಡಂ ಪೆಟ್ಟಲೇದಾಮ್ಮಾ?" ಎಂದರು. ತೆಲುಗಿನ ಗಡಿಯ ಕಡೆ ಬೆಳೆದ ನನಗೆ ಆ ಮಾತು ಗೊತ್ತು. ಶಾಖ ಕೊಡಲಿಲ್ಲವೇ ಎಂದು ಅವರು ಕೇಳುತ್ತಿದ್ದರು. ಆದರೆ ಆ ಹೊತ್ತಿನಲ್ಲಿ ನನ್ನ ಕಿವಿಗೆ ಅದು ಕನ್ನಡದ ಹಾಗೆಯೇ ಕೇಳಿಸಿತು. ಕಾಪಾಡು. ನಾನು ತಲೆಯಾಡಿಸಿದೆ. ನಮ್ಮ ಊರುಗಳಲ್ಲಿ ಬಿಸಿ ಬಟ್ಟೆಯ ಗಂಟಿಗೆ ಮೂರು ಹೆಸರು: ಒಂದು ಭಾರದಂತೆ ಕೇಳಿಸುತ್ತದೆ, ಒಂದು ಬಲಿಯಂತೆ, ಒಂದು ಪ್ರಾರ್ಥನೆಯಂತೆ. ಗಂಟು ಒಂದೇ, ತವುಡು ಒಂದೇ.

ಸೈರನ್ ಕೂಗಲಿಲ್ಲ. ಗಣಿಯ ಗೇಟಿನ ಕಡೆಯಿಂದ ಸೈಕಲ್ಲಿನಲ್ಲಿ ಬಂದ ಒಬ್ಬಾತ ದೂರದಿಂದಲೇ ಕೈಯಾಡಿಸಿದ. ಏನೂ ಇಲ್ಲ, ಎಲ್ಲ ಸರಿಯಾಗಿದೆ. ಸ್ವಲ್ಪ ಹೊತ್ತಿಗೆ ಚಕ್ರ ತಿರುಗಿತು. ಮೈದಾನವೆಲ್ಲ ಒಟ್ಟಿಗೆ ಉಸಿರು ಬಿಟ್ಟ ಸದ್ದು ನನಗೆ ಕೇಳಿಸಿತು. ಅಂತೋಣಿಯಮ್ಮ ನನ್ನ ಕೈ ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಬೆಲ್ಲದ ಸುಬ್ಬಮ್ಮನನ್ನು ನೋಡಿದರು.

"ಎನ್ನ ಪಾಕ್ಕುರೆ? ಏನ್ ನೋಡ್ತೀಯಾ? ನಿನ್ನ ಕಡೆ ಹೋಗು. ಇವಾಗ ಕೆಡವ್ತೀವಿ ನಿನ್ನ!"

"ಚೂಸ್ತಾಂ, ಚೂಸ್ತಾಂ", ನೋಡೋಣ, ನೋಡೋಣ ಎಂದು ಸುಬ್ಬಮ್ಮ ನಗುತ್ತಾ ತಮ್ಮ ಕಡೆ ಹೋದರು.

ಆಮೇಲಿನ ಆಟವನ್ನು ನಾನು ಸರಿಯಾಗಿ ನೋಡಲಿಲ್ಲ. ಕಣ್ಣು ಮುಚ್ಚಿದ್ದೆ. ಕೈ ಮಡಚಲಾರದ್ದರಿಂದ ಸೇದಲು ಹೋಗಲಿಲ್ಲ. ನೀಳ ಕೈ, ನೆಟ್ಟ ಹಿಮ್ಮಡಿ, ಹಿಂದಕ್ಕೆ ಒರಗಿದ ಬೆನ್ನು. ಆಕಾಶಕ್ಕೆ ಮುಖ ಮಾಡಿ ಮಲಗಿದ ಹಾಗೇ ಇದ್ದೆ. ಭಾರವೆಲ್ಲ ಕಾಲಿಗೆ ಹೋಯಿತು. ಕಾಲುಗಳಿಗೆ ಶನಿವಾರದ ನೋವಿರಲಿಲ್ಲ, ಯಾಕೆಂದರೆ ಶನಿವಾರ ನಾನು ಅವುಗಳನ್ನು ಬಳಸಿಯೇ ಇರಲಿಲ್ಲ. ಹಗ್ಗದ ಕೊನೆಯವಳು ಹೀಗೆಯೇ ನಿಲ್ಲಬೇಕಂತೆ. ಬಾಣಂತನಕ್ಕೆ ಹೋದಾಕೆಗೂ ಇದನ್ನು ಕಲಿಸಲು ಅಂತೋಣಿಯಮ್ಮ ವರ್ಷಗಟ್ಟಲೆ ಒದ್ದಾಡಿದ್ದರಂತೆ. ನನಗೆ ಕಲಿಸಿದ್ದು ನೋವು. ಆ ಕಡೆಯವರು ಎಳೆದರು, ಎಳೆದರು. ನಾನು ಅಲ್ಲಾಡಲಿಲ್ಲ. ಹೆಚ್ಚೇನೂ ಮಾಡಲಿಲ್ಲ, ಅಲ್ಲಾಡಲಿಲ್ಲ ಅಷ್ಟೇ. ಅವರಿಗೆ ದಣಿವಾಯಿತು. ನಮ್ಮವರು ಒಂದೊಂದೇ ಹೆಜ್ಜೆ ಹಿಂದಕ್ಕೆ ಬಂದರು. ಕಣ್ಣು ಬಿಟ್ಟಾಗ ನನ್ನ ಮೇಲೆ ಸಾಲಿನ ಎಲ್ಲ ಹೆಂಗಸರೂ ಬಿದ್ದಿದ್ದರು. ನಾವು ಗೆದ್ದಿದ್ದೆವು.

ಗುಂಪಿನಲ್ಲಿ ಯಾರೋ ಕೂಗಿದರು: "ವಾದ್ಯಾರ್ ಪೊಂಡಾಟಿ ಜಯಿಚ್ಚಿಟ್ಟಾ!"

"ಅವಳ್ಗೆ ಪೇರ್ ಇಲ್ಲೆಯಾ?" ಎಂದು ಅಂತೋಣಿಯಮ್ಮ ಗದರಿದರು. ಅವಳಿಗೆ ಹೆಸರಿಲ್ಲವೇ ಎಂದು. ಈಗ ಹೇಳುತ್ತಾರೆ, ಹೇಳಿಬಿಡುತ್ತಾರೆ ಎಂದು ಕಾದೆ. ಅಂತೋಣಿಯಮ್ಮ ನನ್ನತ್ತ ತಿರುಗಿ, ಬಾಯಿ ತೆರೆದು, ನಿಂತರು. ಅವರಿಗೂ ನನ್ನ ಹೆಸರು ಗೊತ್ತಿರಲಿಲ್ಲ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅವರಿಗೆ ಬೆಳಗಿನ ಕೂಗು ನೆನಪಾಯಿತೆಂದು ತೋರುತ್ತದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಒತ್ತಡಂ!" ಎಂದರು. "ಇವಳ್ ಪೇರು ಒತ್ತಡಂ!"

ಅಲ್ಲಿಂದ ನಾನು ಆ ಸಾಲಿಗೆ ಒತ್ತಡಂ ಅಕ್ಕ. ನಾಗರತ್ನ ಎಂಬ ಹೆಸರನ್ನು ಅವರಿಗೆ ತಿಳಿಸುವ ಗೋಜಿಗೆ ನಾನೂ ಹೋಗಲಿಲ್ಲ.

ನೆನಪಿಟ್ಟುಕೊಳ್ಳಿ ಎಂದೆನಲ್ಲ, ಈ ನೋವು ತಡವಾಗಿ ಬರುವ ನೆಂಟ ಎಂದು. ಸೋಮವಾರ ಬೆಳಿಗ್ಗೆ ಅದು ನಮ್ಮ ಸಾಲಿನ ಪ್ರತಿ ಮನೆಗೂ ಒಟ್ಟಿಗೆ ಬಂದಿಳಿಯಿತು. ಒಬ್ಬ ಹೆಂಗಸಿಗೂ ಕೊಡ ಎತ್ತಲಾಗದು. ಇಡೀ ಬೀದಿಯಲ್ಲಿ ಹುರಿದ ತವುಡಿನ ವಾಸನೆ. ಹೊಸಲಿಗೊಬ್ಬರಂತೆ ಕೂತು, ಬಿಸಿ ಗಂಟನ್ನು ತೋಳಿಗೋ ತೊಡೆಗೋ ಇಟ್ಟುಕೊಂಡು, ಯಾರಿಗೆ ಹೆಚ್ಚು ನೋಯುತ್ತಿದೆ ಎಂದು ಜಗಳವಾಡುತ್ತಿದ್ದೆವು. ನನ್ನನ್ನೂ ಸೇರಿಸಿಕೊಂಡು, ಹೆಸರು ಹಿಡಿದೇ ಬಯ್ದರು. ಅಂಥ ಸಂಭ್ರಮದ ಬೆಳಗನ್ನು ನಾನು ಯಾವ ಹಬ್ಬದಲ್ಲೂ ಕಂಡಿಲ್ಲ.

ನಲ್ಲಿಯ ಮುಂದೆ ಆ ದಿನ ಗಂಡಸರ ಸಾಲು. ರಾತ್ರಿಪಾಳಿ ಮುಗಿಸಿ ಬಂದವರು, ಪಾಳಿಗೆ ಹೊರಟವರು, ಅಂತೋಣಿಯಮ್ಮನ ಪಂಪಿನ ಯಜಮಾನರು, ಎಲ್ಲರೂ ಕೊಡ ಹಿಡಿದು ನಿಂತಿದ್ದರು. ನಮ್ಮ ಪಂಡಿತರು ಶಾಲೆಗೆ ಹೊರಡುವ ಇಸ್ತ್ರಿ ಅಂ‌ಗಿಯಲ್ಲಿ, ಎರಡು ಕೈಯಲ್ಲಿ ಎರಡು ಕೊಡ ಹಿಡಿದು, ಸಾಲಿನ ಕೊನೆಗೆ ಹೋದರು. ಹೊಸಲ ಮೇಲೆ ಕೂತ ನನಗೆ ಅವರನ್ನು ಕಂಡವರ ಕೂಗು ಸ್ಪಷ್ಟವಾಗಿ ಕೇಳಿಸಿತು.

"ಒತ್ತಡಂ ಪುರುಷನ್ ವಂದಾಚ್ಚು! ವಳಿ ವಿಡುಂಗ!"

ಒತ್ತಡಂಳ ಗಂಡ ಬಂದರು, ದಾರಿ ಬಿಡಿ ಎಂದು. ಅವರ ಮಾತಿನಲ್ಲಿ ವಳಿ ಎಂದರೆ ದಾರಿ, ವಲಿ ಎಂದರೆ ನೋವು. ಅವಸರದಲ್ಲಿ ಕೂಗಿದರೆ ಎರಡೂ ಒಂದೇ ಥರ ಕೇಳಿಸುತ್ತವೆ. ದಾರಿ ಬಿಡಿ ಎಂದರೋ, ನೋವು ಬಿಡಿ ಎಂದರೋ? ಪಂಡಿತರನ್ನು ಕೇಳೋಣವೆಂದರೆ ಅವರು ತುಂಬಿದ ಕೊಡ ಹೊತ್ತು, ಅಂಗಿಯೆಲ್ಲ ಒದ್ದೆ ಮಾಡಿಕೊಂಡು, ಯಾರದೋ ಗಂಡನೆನಿಸಿಕೊಂಡ ಹೆಮ್ಮೆಯಲ್ಲಿ ಎದೆಯುಬ್ಬಿಸಿ ಬರುತ್ತಿದ್ದರು. ನಾಳೆ ಅವರಿಗೂ ಕೈ ಎತ್ತಲಾಗುವುದಿಲ್ಲವೆಂದು ನನಗೆ ಗೊತ್ತಿತ್ತು. ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ಡಬ್ಬಿಯಲ್ಲಿ ತವುಡು ಉಳಿದಿದೆಯೇ ಎಂದು ನೋಡಿದೆ.